ಬ್ಯಾಡಗಿ ಪೇಟೆ ಮತ್ತು ಅದನ್ನು ಬೆಳೆಸಿದ ಮಾರುಕಟ್ಟೆ ಸಮಿತಿ

ಬ್ಯಾಡಗಿ ಪೇಟೆಗೆ ಈಗಿನ ಆಕಾರ ಬಂದದ್ದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯಿಂದ. ಹಾವೇರಿ ಮತ್ತು ರಾಣೆಬೆನ್ನೂರಿನ ನಡುವೆ, ಪುಣೆ–ಬೆಂಗಳೂರು ಹೆದ್ದಾರಿಯಿಂದ ಮೋಟೆಬೆನ್ನೂರಿನ ಬಳಿ ಒಳಕ್ಕೆ ತಿರುಗಿದರೆ ಸಿಗುವ ಈ ಪುರಸಭೆಯ ಊರು ಜನಸಂಖ್ಯೆಯಲ್ಲಿ ಸಣ್ಣದು. 2011ರ ಜನಗಣತಿಯ ಹೊತ್ತಿಗೆ ರಾಣೆಬೆನ್ನೂರು ಒಂದು ಲಕ್ಷ ದಾಟಿತ್ತು. ಬ್ಯಾಡಗಿ ಮೂವತ್ತು ಸಾವಿರದ ಆಸುಪಾಸಿನಲ್ಲಿತ್ತು. ಆದರೆ ಒಣಮೆಣಸಿನಕಾಯಿ ವ್ಯಾಪಾರದಲ್ಲಿ ಗುಂಟೂರಿನ ಜೊತೆಗೆ ಇಡೀ ದೇಶದಲ್ಲಿ ಕೇಳಿಬರುವ ಹೆಸರು ಈ ಊರಿನದು. ಊರಿನ ಹೆಸರೇ ಕಾಯಿಗೆ ಅಂಟಿ, ಬ್ಯಾಡಗಿಯನ್ನು ಎಂದೂ ಕಾಣದ ಅಡುಗೆಮನೆಗಳಲ್ಲೂ ಅದು ದಿನಬಳಕೆಯ ಮಾತಾಗಿದೆ. ಇಷ್ಟು ಸಣ್ಣ ಊರಿನಲ್ಲಿ ಇಷ್ಟು ದೊಡ್ಡ ಪೇಟೆ ನಿಂತದ್ದಕ್ಕೆ ಮಣ್ಣು, ಮಳೆ, ರೈಲು ಮೂರೂ ಕಾರಣ. ನಾಲ್ಕನೆಯ ಕಾರಣ, ಎಲ್ಲಕ್ಕಿಂತ ಮುಖ್ಯವಾದದ್ದು, ತೂಕ, ದರ ಮತ್ತು ರೊಕ್ಕದ ಪಾವತಿಗೆ ಒಂದು ಸಾರ್ವಜನಿಕ ಸಂಸ್ಥೆ ಹಾಕಿಕೊಟ್ಟ ಕಟ್ಟಳೆ.

ರೈಲು ಬರುವ ಮೊದಲು ಈ ಭಾಗದ ವ್ಯಾಪಾರ ಸಂತೆಗಳ ಮೇಲೆ ನಡೆಯುತ್ತಿತ್ತು. ಮೆಣಸಿನಕಾಯಿ, ಹತ್ತಿ, ಜೋಳ ಚಕ್ಕಡಿಗಳಲ್ಲಿ ಸಂತೆಯಿಂದ ಸಂತೆಗೆ ಸಾಗುತ್ತಿದ್ದವು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಬಂದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ನಿಲ್ದಾಣಗಳಾದವು. ಹಾವೇರಿಯಲ್ಲಿ ಯಾಲಕ್ಕಿ, ರಾಣೆಬೆನ್ನೂರಿನಲ್ಲಿ ಹತ್ತಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹೀಗೆ ಒಂದೊಂದು ಊರು ಒಂದೊಂದು ಸರಕಿಗೆ ಹೆಸರಾಯಿತು. ಹಳೆಯ ಪೇಟೆ ಬೆಳೆದದ್ದು ಮುಖ್ಯರಸ್ತೆಯ ಎರಡೂ ಬದಿಗೆ. ಮುಂದೆ ಅಂಗಡಿ, ಹಿಂದೆ ವಖಾರಿ, ಮೇಲೆ ಮನೆ. ಚಕ್ಕಡಿಯ ಕಾಲಕ್ಕೆ ಆ ರಸ್ತೆಯ ಅಗಲ ಸಾಕಾಗಿತ್ತು.

ಆಗಿನ ವ್ಯಾಪಾರದ ರೀತಿ ರೈತನಿಗೆ ಅನುಕೂಲವಾಗಿರಲಿಲ್ಲ. ಇದು ಬ್ಯಾಡಗಿಗೆ ಮಾತ್ರ ಸೇರಿದ ದೋಷವಲ್ಲ. ದೇಶದ ಬಹುತೇಕ ಪೇಟೆಗಳ ಪಾಡು ಅದೇ ಆಗಿತ್ತು. ಕೊಳ್ಳುವವನೂ ದಲಾಲನೂ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ತೂಕದಲ್ಲಿ ಸೂಟು, ಮಾದರಿಯ ಹೆಸರಿನಲ್ಲಿ ಬೊಗಸೆ ಕಾಯಿ, ಧರ್ಮಾದಾಯ, ಹಮಾಲಿ ಎಂದು ಕಳೆಯುತ್ತ ಹೋಗಿ ಉಳಿದದ್ದು ಅವನ ಕೈಗೆ ಬರುತ್ತಿತ್ತು. ಅದೂ ಮುಂಗಡ ಸಾಲಕ್ಕೆ ವಜಾ ಆದ ಮೇಲೆ. ಲಿನ್‌ಲಿತ್‌ಗೋ ಅಧ್ಯಕ್ಷತೆಯ ಕೃಷಿ ರಾಯಲ್ ಆಯೋಗ 1928ರ ವರದಿಯಲ್ಲಿ ಇಂಥ ಪದ್ಧತಿಗಳನ್ನು ದಾಖಲಿಸಿ, ಎಲ್ಲ ಪ್ರಾಂತಗಳಲ್ಲೂ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಹೇಳಿತು. ಬೇರಾರ್ ಪ್ರಾಂತದಲ್ಲಿ ಹತ್ತಿ ಮತ್ತು ಧಾನ್ಯ ಮಾರುಕಟ್ಟೆಗೆ 1897ರಲ್ಲೇ ಕಾನೂನು ಬಂದಿತ್ತು. ಮುಂಬಯಿ ಪ್ರಾಂತ 1927ರಲ್ಲಿ ಹತ್ತಿಗೆ ಮಾತ್ರ ಕಾಯ್ದೆ ಮಾಡಿತ್ತು. ಎಲ್ಲ ಬೆಳೆಗಳನ್ನೂ ಒಳಗೊಳ್ಳುವ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1939ರದು.

ಬ್ಯಾಡಗಿ ಅಂದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. 1940ರ ದಶಕದ ಕೊನೆಯಲ್ಲಿ, ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ, ಇಲ್ಲಿನ ಮಾರುಕಟ್ಟೆ ಆ ಕಾಯ್ದೆಯ ಅಡಿಗೆ ಬಂತು. ಏಕೀಕರಣವಾಗಿ ಹತ್ತು ವರ್ಷದ ಮೇಲೆ ರೂಪುಗೊಂಡ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ 1966ರದು. ಅದು ಜಾರಿಯಾದದ್ದು 1968ರಲ್ಲಿ. ಮುಂಬಯಿ, ಹೈದರಾಬಾದ್, ಮದರಾಸು, ಮೈಸೂರು, ಕೊಡಗು ಹೀಗೆ ಬೇರೆ ಬೇರೆ ಆಡಳಿತಗಳಿಂದ ಬಂದ ಜಿಲ್ಲೆಗಳ ಪೇಟೆಗಳೆಲ್ಲ ಒಂದೇ ನಿಯಮದ ಕೆಳಗೆ ಬಂದದ್ದು ಆಗಲೇ. ಸಮಿತಿಯ ಸದಸ್ಯರಲ್ಲಿ ಹೆಚ್ಚಿನವರು ರೈತ ಕ್ಷೇತ್ರಗಳಿಂದ ಚುನಾಯಿತರಾಗಬೇಕು, ವರ್ತಕರಿಗೆ ಪ್ರಾತಿನಿಧ್ಯ ಇರಬೇಕು, ದಲಾಲ, ಖರೀದಿದಾರ, ತೂಕದವನು, ಹಮಾಲ ಎಲ್ಲರೂ ಲೈಸೆನ್ಸ್ ಪಡೆದೇ ಕೆಲಸ ಮಾಡಬೇಕು ಎಂಬುದು ಆ ಕಾಯ್ದೆಯ ಚೌಕಟ್ಟು. ಖರೀದಿದಾರನಿಂದ ವಸೂಲಾಗುವ ಮಾರುಕಟ್ಟೆ ಶುಲ್ಕವೇ ಸಮಿತಿಯ ಮುಖ್ಯ ಆದಾಯ. ಸಣ್ಣ ಊರೊಂದರ ಅಭಿವೃದ್ಧಿಯ ಮಟ್ಟಿಗೆ ಈ ಕೊನೆಯ ಮಾತಿಗೆ ದೊಡ್ಡ ತೂಕವಿದೆ. ಅನುದಾನಕ್ಕೆ ಬೆಂಗಳೂರಿನ ಕಡೆ ನೋಡುತ್ತ ಕೂರಬೇಕಾದ ಪುರಸಭೆಗೆ ಇಲ್ಲದ ಬಲ ಸಮಿತಿಗೆ ಇದೆ. ಪೇಟೆ ಬೆಳೆದಂತೆ ಅದರ ಆದಾಯವೂ ಬೆಳೆಯುತ್ತದೆ.

ಆ ಆದಾಯದಿಂದ ಮೂಡಿದ್ದು ಪ್ರಾಂಗಣ. ಮುಖ್ಯರಸ್ತೆಯ ಅಂಗಡಿಗಳ ಮುಂದೆ ನಡೆಯುತ್ತಿದ್ದ ಸಗಟು ವ್ಯಾಪಾರ ಸಮಿತಿಯ ಆವರಣಕ್ಕೆ ಬಂತು. ಅಗಲವಾದ ಒಳರಸ್ತೆಗಳು, ಸಾಲು ಸಾಲು ದಲಾಲಿ ಅಂಗಡಿಗಳು, ಅವುಗಳ ಮುಂದೆ ರಾಶಿ ಹಾಕಲು ಕಟ್ಟೆ, ತೂಕದ ಯಂತ್ರ, ಲಾರಿ ನಿಲ್ಲಲು ಜಾಗ, ಕುಡಿಯುವ ನೀರು, ಬ್ಯಾಂಕು ಇವೆಲ್ಲ ಒಂದೇ ಕಡೆ ಒದಗಿದವು. ಊರಿನ ಕೇಂದ್ರವೇ ಸರಿಯಿತು. ಹಳೆಯ ಪೇಟೆಯಲ್ಲಿ ಬಟ್ಟೆ, ಬಂಗಾರ, ಪಾತ್ರೆ, ಕಿರಾಣಿ ಉಳಿದವು. ಊರಿನ ಹಣದ ಮೂಲ ಪ್ರಾಂಗಣಕ್ಕೆ ಹೋಯಿತು. ಇದರಿಂದ ಹಳೆಯ ಪೇಟೆ ಸೊರಗಲಿಲ್ಲ. ಕಾಯಿ ಮಾರಿ ರೊಕ್ಕ ಕೈಗೆ ಬಂದ ರೈತ ಊರಿಗೆ ಮರಳುವ ಮುನ್ನ ಮಗಳ ಮದುವೆಯ ಜವಳಿಗೋ ಬಂಗಾರಕ್ಕೋ ಬರುತ್ತಿದ್ದದ್ದು ಅಲ್ಲಿಗೇ.

ಪ್ರಾಂಗಣದಲ್ಲಿ ವ್ಯಾಪಾರ ನಡೆಯುವ ಕ್ರಮವನ್ನು ವಿವರವಾಗಿ ನೋಡಬೇಕು, ಏಕೆಂದರೆ ಊರನ್ನು ಬೆಳೆಸಿದ್ದು ಆ ಕ್ರಮವೇ. ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿಯ ದಿನಗಳು. ದೂರದ ಜಿಲ್ಲೆಗಳಿಂದ ಚೀಲ ಹೊತ್ತ ಲಾರಿಗಳು ಹಿಂದಿನ ದಿನವೇ ಬಂದು ನಿಲ್ಲುತ್ತವೆ. ರೈತ ತಾನು ನಂಬಿದ ದಲಾಲಿ ಅಂಗಡಿಯ ಮುಂದೆ ಮಾಲು ಇಳಿಸುತ್ತಾನೆ. ಪ್ರತಿ ರೈತನ ಮಾಲಿಗೂ ಲಾಟ್ ನಂಬರು ಬೀಳುತ್ತದೆ. ಬೆಳಿಗ್ಗೆ ಖರೀದಿದಾರರು ಅಂಗಡಿಯಿಂದ ಅಂಗಡಿಗೆ ತಿರುಗಿ ಕಾಯಿ ನೋಡುತ್ತಾರೆ. ಬಣ್ಣ, ಸುಕ್ಕು, ಉದ್ದ, ಒಣಗಿದ ಹದ, ಬಿಳಿಗಾಯಿಯ ಪ್ರಮಾಣ ಎಲ್ಲವನ್ನೂ ಕೈಯಲ್ಲಿ ಹಿಡಿದು, ಮುರಿದು, ಮೂಸಿ ಅಳೆಯುತ್ತಾರೆ. ತೇವ ಹೆಚ್ಚಿದ್ದರೆ ಕಾಯಿ ವಖಾರಿಯಲ್ಲಿ ಕಪ್ಪಾಗುತ್ತದೆ. ಒಣಗಿದ್ದು ಅತಿಯಾದರೆ ಪುಡಿಯಾಗಿ ಬೀಜ ಉದುರುತ್ತದೆ. ಎರಡರ ನಡುವಿನ ಹದಕ್ಕೆ ಮಾತ್ರ ಒಳ್ಳೆಯ ದರ.

ನೋಡಿದ ಮೇಲೆ ಖರೀದಿದಾರ ತನ್ನ ದರವನ್ನು ಟೆಂಡರಿನಲ್ಲಿ ನಮೂದಿಸುತ್ತಾನೆ. ಒಬ್ಬನ ದರ ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಗೊತ್ತುಪಡಿಸಿದ ಹೊತ್ತು ಮುಗಿದ ಮೇಲೆ ಟೆಂಡರ್ ತೆರೆದಾಗ ಯಾವ ಲಾಟಿಗೆ ಯಾರ ದರ ಹೆಚ್ಚು ಎಂಬುದು ಬಹಿರಂಗವಾಗುತ್ತದೆ. ಬಟ್ಟೆಯ ಮರೆಯ ಬೆರಳಿನ ವ್ಯಾಪಾರಕ್ಕೂ ಇದಕ್ಕೂ ಇರುವ ಅಂತರವೇ ನಿಯಂತ್ರಿತ ಮಾರುಕಟ್ಟೆಯ ಸಾಧನೆ. ಇಲ್ಲಿಯೂ ದರ ಗುಟ್ಟಾಗಿಯೇ ಬರುತ್ತದೆ, ಆದರೆ ಗುಟ್ಟು ಖರೀದಿದಾರರ ನಡುವೆ ಉಳಿದು ಅವರಲ್ಲಿ ಪೈಪೋಟಿ ಹುಟ್ಟಿಸುತ್ತದೆ. ರೈತನ ಮುಂದೆ ಬಯಲಾಗುತ್ತದೆ. ದರ ಒಪ್ಪಿಗೆಯಾಗದಿದ್ದರೆ ರೈತ ಮಾಲು ಕೊಡದೆ ಮುಂದಿನ ಟೆಂಡರಿಗೆ ಇಡಬಹುದು, ಇಲ್ಲವೇ ಕೋಲ್ಡ್ ಸ್ಟೋರೇಜಿಗೆ ಸಾಗಿಸಬಹುದು. ಒಪ್ಪಿದರೆ ತೂಕ, ಆಮೇಲೆ ಲೆಕ್ಕದ ಪಟ್ಟಿ. ಕಾಯ್ದೆಯ ಪ್ರಕಾರ ದಲಾಲಿಯನ್ನು ಖರೀದಿದಾರ ಕೊಡಬೇಕು. ರೈತನ ಪಟ್ಟಿಯಲ್ಲಿ ಅದನ್ನು ಕಡಿಯುವಂತಿಲ್ಲ. ಈ ನಿಯಮ ಕಾಗದದಲ್ಲಿ ಇದ್ದರೆ ಸಾಲದು, ಪಟ್ಟಿಯಲ್ಲಿ ಕಾಣಬೇಕು ಎಂಬುದು ರೈತ ಸಂಘಟನೆಗಳ ಹಳೆಯ ಒತ್ತಾಯ, ನ್ಯಾಯವಾದ ಒತ್ತಾಯ.

2014ರಲ್ಲಿ ರಾಜ್ಯ ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದ ರಾಷ್ಟ್ರೀಯ ಇ-ಮಾರುಕಟ್ಟೆ ಸೇವಾ ಸಂಸ್ಥೆ ಹುಟ್ಟಿ, ರಾಜ್ಯದ ಪ್ರಾಂಗಣಗಳನ್ನು ಒಂದೇ ಏಕೀಕೃತ ಮಾರುಕಟ್ಟೆ ವೇದಿಕೆಗೆ ತರತೊಡಗಿತು. ಬ್ಯಾಡಗಿಯಲ್ಲಿ ಟೆಂಡರ್ ಚೀಟಿಯ ಬದಲು ಇ-ಟೆಂಡರ್ ನೆಲೆಯೂರಿತು. ಸಾವಿರಾರು ಲಾಟುಗಳ ದರವನ್ನು ಕೈಯಲ್ಲಿ ಹೊಂದಿಸುವಾಗ ಆಗುತ್ತಿದ್ದ ತಡವೂ ತಕರಾರೂ ಇದರಿಂದ ಕಡಿಮೆಯಾದವು. ದೊಡ್ಡ ಆವಕದ ದಿನ ಕಂಪ್ಯೂಟರ್ ವ್ಯವಸ್ಥೆ ತಡವರಿಸಿದರೆ ಇಡೀ ಊರಿನ ಕೆಲಸ ನಿಲ್ಲುತ್ತದೆ ಎಂಬ ಹೊಸ ಅವಲಂಬನೆಯೂ ಜೊತೆಗೇ ಬಂತು.

ಆವಕ ಡಿಸೆಂಬರಿನಲ್ಲಿ ಏರತೊಡಗಿ ಜನವರಿಯಿಂದ ಮಾರ್ಚಿನವರೆಗೆ ತುಂಬಿ ಹರಿಯುತ್ತದೆ. ಋತುವಿನ ಭರದಲ್ಲಿ ಒಂದೇ ದಿನ ಎರಡು ಲಕ್ಷಕ್ಕೂ ಹೆಚ್ಚು ಚೀಲ ಬಂದ ದಾಖಲೆಗಳಿವೆ. ಆಗ ಪ್ರಾಂಗಣದೊಳಗೆ ಕಾಲಿಡಲು ಜಾಗವಿರುವುದಿಲ್ಲ. ಘಾಟು ಊರಿಡೀ ಹರಡಿ, ಹೊಸದಾಗಿ ಬಂದವರು ಕೆಮ್ಮುತ್ತ ಸೀನುತ್ತಲೇ ಓಡಾಡಬೇಕಾಗುತ್ತದೆ. ಹಮಾಲರ ಬೆನ್ನಿನ ಮೇಲೆ ನಡೆಯುವ ಈ ವ್ಯಾಪಾರಕ್ಕೆ ಇನ್ನೊಂದು ಆಧಾರ ಮಹಿಳೆಯರ ದುಡಿಮೆ. ಕಾಯಿಯ ತುಂಬು ಬಿಡಿಸುವ, ಬಣ್ಣಗೆಟ್ಟ ಕಾಯಿ ಆರಿಸುವ ಕೆಲಸಕ್ಕೆ ಸುತ್ತಲ ಹಳ್ಳಿಗಳಿಂದ ಹೆಣ್ಣುಮಕ್ಕಳು ನಿತ್ಯ ಬರುತ್ತಾರೆ. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಉರಿಯುವ ಕೈಯಲ್ಲಿ ದಿನವಿಡೀ ಕುಳಿತು ಮಾಡುವ ಕೆಲಸ ಅದು. ಸಮಿತಿಯ ಇತಿಹಾಸವನ್ನು ಅಧ್ಯಕ್ಷರ ಪಟ್ಟಿಯಾಗಿ ಬರೆಯುವ ರೂಢಿ ಇದೆ. ಈ ಹೆಣ್ಣುಮಕ್ಕಳ ದುಡಿಮೆಯಿಲ್ಲದೆ ಒಂದು ಚೀಲವೂ ಮಸಾಲೆ ಕಂಪನಿಯ ಬಾಗಿಲು ಮುಟ್ಟುತ್ತಿರಲಿಲ್ಲ.

ಪ್ರಾಂಗಣದ ಸುತ್ತ ಬೆಳೆದ ಉದ್ಯಮಗಳು ಪೇಟೆಯ ಎರಡನೆಯ ಸುತ್ತು. ಮೊದಲು ಬಂದವು ಖಾರದಪುಡಿಯ ಗಿರಣಿಗಳು. ಆಮೇಲೆ ಕೋಲ್ಡ್ ಸ್ಟೋರೇಜುಗಳು. ಬ್ಯಾಡಗಿ ಕಾಯಿಯ ಬೆಲೆ ಇರುವುದು ಖಾರದಲ್ಲಿ ಅಲ್ಲ, ಬಣ್ಣದಲ್ಲಿ. ಬಯಲಿನಲ್ಲಿಟ್ಟರೆ ಬೇಸಿಗೆಯ ಕಾವಿಗೆ ಆ ಬಣ್ಣ ಮಾಸುತ್ತದೆ. ತಣ್ಣನೆಯ ಕೋಣೆಯಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಹೀಗಾಗಿ ಬ್ಯಾಡಗಿಯ ಸುತ್ತಲಿನ ರಸ್ತೆಗಳಲ್ಲಿ ಸಾಲಾಗಿ ಶೀತಲ ಗೋದಾಮುಗಳು ಎದ್ದವು. ಮೂರು ತಿಂಗಳ ಪೇಟೆ ವರ್ಷವಿಡೀ ನಡೆಯುವಂತಾಯಿತು. ಕಾಯಿಯಿಂದ ಬಣ್ಣದ ಸಾರ ತೆಗೆಯುವ ಓಲಿಯೋರೆಸಿನ್ ಉದ್ಯಮ ಈ ಕಾಯಿಯ ದೊಡ್ಡ ಗಿರಾಕಿಯಾಯಿತು. ಆ ಸಾರ ಆಹಾರಕ್ಕೂ ಸೌಂದರ್ಯ ಸಾಮಗ್ರಿಗೂ ಬಣ್ಣವಾಗಿ ಹೊರದೇಶಗಳಿಗೆ ಹೋಗುತ್ತದೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು.

ಈ ಮಾನ್ಯತೆ ಸಿಗುವ ಹೊತ್ತಿಗಾಗಲೇ ಕಾಯಿಯ ನೆಲೆ ಬದಲಾಗುತ್ತಿತ್ತು. ಸುಕ್ಕುಗಟ್ಟಿದ ಉದ್ದನೆಯ ಕಡ್ಡಿ, ದುಂಡಗಿನ ಡಬ್ಬಿ ಎರಡೂ ಹಾವೇರಿ, ಧಾರವಾಡ, ಗದಗ ಸೀಮೆಯ ಮಳೆಯಾಶ್ರಿತ ಹೊಲಗಳ ತಳಿಗಳು. ಇಳುವರಿ ಕಡಿಮೆ, ರೋಗದ ಕಾಟ ಹೆಚ್ಚು. ಬ್ಯಾಡಗಿ ತಾಲ್ಲೂಕಿನ ಅನೇಕ ರೈತರು ಗೋವಿನಜೋಳ, ಹತ್ತಿಯ ಕಡೆಗೆ ಹೊರಳಿದರು. ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕರ್ನೂಲು ಭಾಗದ ನೀರಾವರಿ ಹೊಲಗಳಲ್ಲಿ 2043, 5531ರಂಥ ಹೈಬ್ರಿಡ್ ತಳಿಗಳು ಹಬ್ಬಿದವು. ಆ ಕಾಯಿಯೂ ಬ್ಯಾಡಗಿಗೇ ಬರತೊಡಗಿತು. ಗುಂಟೂರಿನ ತಳಿಗಳೂ ಇಲ್ಲಿನ ಟೆಂಡರಿನಲ್ಲಿ ಮಾರಾಟವಾಗುತ್ತವೆ. ಬೆಳೆ ದೂರ ಸರಿದರೂ ಪೇಟೆ ಸರಿಯಲಿಲ್ಲ ಎಂಬುದು ಈ ಸಂಸ್ಥೆಯ ಶಕ್ತಿಗೆ ದೊಡ್ಡ ಪುರಾವೆ. ರೈತ ನೂರಾರು ಕಿಲೋಮೀಟರ್ ಲಾರಿ ಬಾಡಿಗೆ ಕೊಟ್ಟು ಇಲ್ಲಿಗೆ ಬರುವುದು ಇಲ್ಲಿ ಖರೀದಿದಾರರ ಗುಂಪು ದೊಡ್ಡದಿದೆ, ತೂಕ ಸರಿಯಿದೆ, ರೊಕ್ಕ ಬರುತ್ತದೆ ಎಂಬ ಭರವಸೆಯಿಂದ.

ರಾಜ್ಯದ ಮಾರುಕಟ್ಟೆ ಕಾಯ್ದೆಗೆ ಬಂದ 2020ರ ತಿದ್ದುಪಡಿ ಪ್ರಾಂಗಣದ ಹೊರಗೆ ವ್ಯಾಪಾರ ಮಾಡುವ ಅವಕಾಶವನ್ನು ವಿಸ್ತರಿಸಿ ಸಮಿತಿಗಳ ಅಧಿಕಾರವನ್ನು ಪ್ರಾಂಗಣದ ಗೋಡೆಯೊಳಕ್ಕೆ ಇಳಿಸಿತು. ಶುಲ್ಕದ ಪ್ರಮಾಣವೂ ತಗ್ಗಿತು. ರಾಜ್ಯದ ಅನೇಕ ಸಮಿತಿಗಳ ಆದಾಯ ಕುಸಿಯಿತು. ಬ್ಯಾಡಗಿಯಲ್ಲಿ ಮಾತ್ರ ಆಮೇಲಿನ ಋತುಗಳಲ್ಲೂ ಚೀಲಗಳು ಲಕ್ಷಗಟ್ಟಲೆ ಬಂದವು. ಕಾನೂನಿನ ಒತ್ತಾಯ ಸಡಿಲವಾದ ಮೇಲೂ ರೈತರು ತಾವಾಗಿಯೇ ಪ್ರಾಂಗಣಕ್ಕೆ ಬಂದರು.

ರೈತರನ್ನು ಇಲ್ಲಿಗೆ ತರುವ ಆ ಭರವಸೆ ಮುರಿದರೆ ಏನಾಗುತ್ತದೆ ಎಂಬುದು 2024ರ ಮಾರ್ಚ್ 11ರಂದು ಕಂಡಿತು. ಹಿಂದಿನ ಋತುವಿನಲ್ಲಿ ಕ್ವಿಂಟಲಿಗೆ 50,000 ರೂಪಾಯಿಗೂ ಮೇಲೆ ಮಾರಿದ ಡಬ್ಬಿಯ ಲಾಟುಗಳಿದ್ದವು. ಆ ದರ ನೋಡಿ ಬಿತ್ತನೆ ಹೆಚ್ಚಿತ್ತು, ಆವಕ ಉಕ್ಕಿತ್ತು, ಕೋಲ್ಡ್ ಸ್ಟೋರೇಜುಗಳು ತುಂಬಿದ್ದವು. ಆ ಸೋಮವಾರ ಟೆಂಡರಿನ ದರಗಳು ಹೊರಬಿದ್ದಾಗ ಇಳಿಕೆ ಕಂಡು ರೈತರು ಸಿಟ್ಟಿಗೆದ್ದರು. ಗುಂಪು ಸಮಿತಿಯ ಕಚೇರಿಗೆ ನುಗ್ಗಿತು. ಕಟ್ಟಡಕ್ಕೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿ ನಂದಿಸಲು ಬಂದ ಅಗ್ನಿಶಾಮಕ ವಾಹನವೂ ಸುಟ್ಟಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಅದರ ಹಿಂದಿದ್ದ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಟೆಂಡರ್ ದರವನ್ನು ಬಯಲು ಮಾಡುತ್ತದೆ, ದರ ಏಕೆ ಇಳಿಯಿತೆಂದು ಹೇಳುವುದಿಲ್ಲ. ವರ್ಷವಿಡೀ ದುಡಿದು, ಸಾಲ ಮಾಡಿ, ಲಾರಿ ಬಾಡಿಗೆ ತೆತ್ತು ಬಂದವನಿಗೆ ಆವಕವೆಷ್ಟು, ದಾಸ್ತಾನೆಷ್ಟು, ರಫ್ತಿನ ಬೇಡಿಕೆ ಹೇಗಿದೆ ಎಂಬ ಮಾಹಿತಿ ಹೊಲದಲ್ಲಿರುವಾಗಲೇ ತಲುಪಬೇಕು. ಸಂಸ್ಥೆಯ ಮುಂದಿನ ಕೆಲಸಗಳಲ್ಲಿ ಇದಕ್ಕಿಂತ ತುರ್ತಾದದ್ದು ಇನ್ನೊಂದಿಲ್ಲ.

ಪ್ರಾಂಗಣ ಬೆಳೆದ ವೇಗದಲ್ಲಿ ಊರು ಬೆಳೆಯಲಿಲ್ಲ. ನಗರಗಳ ಸುಧಾರಣೆಗೆಂದೇ ಸಂಸ್ಥೆ ಕಟ್ಟುವ ಪರಿಪಾಠ ಕರ್ನಾಟಕದಲ್ಲಿ ಹಳೆಯದು: ಪ್ಲೇಗಿನ ಹಾವಳಿಯ ಬೆನ್ನಿಗೆ ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು, ಬೆಂಗಳೂರಿನದು 1945ರ ಕಾಯ್ದೆಯಿಂದ ಬಂತು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಆಮೇಲಿನವು. ಆದರೆ ಪ್ರಾಧಿಕಾರಗಳ ಗಮನ ಬಹುಪಾಲು ಹೊಸ ಬಡಾವಣೆಯ ಮೇಲೆ. ನಿವೇಶನ ಮಾರಿದರೆ ಹಣ ಬರುತ್ತದೆ. ಹಳೆಯ ಪೇಟೆಯ ಚರಂಡಿ ಸರಿಪಡಿಸಿದರೆ ಬರುವುದಿಲ್ಲ. ಕೇಂದ್ರದ ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಸಮಗ್ರ ಅಭಿವೃದ್ಧಿ ಯೋಜನೆ 1979–80ರಲ್ಲಿ ಆರಂಭವಾದದ್ದು, ರಾಜ್ಯದ ನಗರೋತ್ಥಾನ ಬಂದದ್ದು ಈ ಕೊರತೆ ತುಂಬಲೆಂದು. ಪುರಸಭೆಗಳಿಗೆ 1964ರ ಕಾಯ್ದೆ ಕೆಲಸದ ಉದ್ದನೆಯ ಪಟ್ಟಿ ಕೊಟ್ಟಿದೆ. 74ನೇ ಸಂವಿಧಾನ ತಿದ್ದುಪಡಿ 1993ರಿಂದ ಗೌರವದ ಸ್ಥಾನವನ್ನೂ ಕೊಟ್ಟಿದೆ. ಸಾಕಷ್ಟು ಹಣದ ಮೂಲವನ್ನು ಕೊಟ್ಟಿಲ್ಲ.

ಈ ಅಸಮತೆ ಬ್ಯಾಡಗಿಯ ಮುಖ್ಯರಸ್ತೆಯಲ್ಲಿ ಕಣ್ಣಿಗೆ ಕಾಣುತ್ತದೆ. ಗಜೇಂದ್ರಗಡ–ಸೊರಬ ರಾಜ್ಯ ಹೆದ್ದಾರಿ ಊರಿನ ನಡುಪೇಟೆಯ ಮೂಲಕವೇ ಹಾದುಹೋಗುತ್ತದೆ. ಚಕ್ಕಡಿಗೆ ಸಾಕಾಗಿದ್ದ ಆ ಬೀದಿಯಲ್ಲಿ ಲಾರಿ, ಬಸ್ಸು, ಟ್ರ್ಯಾಕ್ಟರ್ ಎದುರುಬದುರಾಗುತ್ತವೆ. ರಸ್ತೆ ಅಗಲಿಸಬೇಕೆಂಬ ಬೇಡಿಕೆ, ಅಂಗಡಿ ಮನೆ ಕಳೆದುಕೊಳ್ಳುವವರ ವಿರೋಧ, ಪರಿಹಾರದ ಚರ್ಚೆ, ಧರಣಿ, ಬಂದ್ ಇವು ವರ್ಷಗಟ್ಟಲೆ ನಡೆದವು. ಎರಡೂ ಕಡೆಯವರ ಮಾತಿನಲ್ಲಿ ಸತ್ಯವಿದೆ. ಇಕ್ಕಟ್ಟಿನ ರಸ್ತೆಯಿಂದ ಊರಿಗೆ ಬರುವ ಗಿರಾಕಿ ದೂರವಾಗುತ್ತಾನೆ. ಆದರೆ ಮೂರು ತಲೆಮಾರಿನ ಅಂಗಡಿಯ ಅರ್ಧ ಭಾಗ ಕಳೆದುಕೊಳ್ಳುವವನಿಗೆ ಉಳಿದರ್ಧದಲ್ಲಿ ಬದುಕು ನಡೆಸುವ ದಾರಿ ಕಾಣಬೇಕು. ಬೀದಿಬದಿಯ ವ್ಯಾಪಾರಿಗಳ ಪ್ರಶ್ನೆಯೂ ಇದರೊಳಗೆ ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಅವರನ್ನು ಎಬ್ಬಿಸುವ ಮೊದಲು ಪಟ್ಟಣ ವ್ಯಾಪಾರ ಸಮಿತಿ ಸಮೀಕ್ಷೆ ಮಾಡಿ ಬೇರೆ ಜಾಗ ಗುರುತಿಸಬೇಕು.

ಊರಿಗೆ ಬರುವವರು ರೈತರು ಮಾತ್ರವಲ್ಲ. ತಾಲ್ಲೂಕಿನ ಕಾಗಿನೆಲೆ ಕನಕದಾಸರ ಕ್ಷೇತ್ರ. ಅದನ್ನೂ ಶಿಗ್ಗಾವಿ ತಾಲ್ಲೂಕಿನ ಬಾಡವನ್ನೂ ಬೆಳೆಸಲು ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರ ಕೆಲಸ ಮಾಡುತ್ತಿದೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ ಈ ಮೂವರು ಹನುಮರ ದರ್ಶನವನ್ನು ಶ್ರಾವಣದಲ್ಲಿ ಒಂದೇ ದಿನ ಮುಗಿಸಿದರೆ ಪುಣ್ಯ ಹೆಚ್ಚೆಂಬ ನಂಬಿಕೆಯಿಂದ ಭಕ್ತರು ಹೊರಡುತ್ತಾರೆ. ಕನಕದಾಸರು ಮೋಹನತರಂಗಿಣಿಯನ್ನು ಬರೆದದ್ದು ಕಾಂತೇಶನ ಸನ್ನಿಧಿಯಲ್ಲಿ ಎಂಬ ಪ್ರತೀತಿಯೂ ಕದರಮಂಡಲಗಿಯಲ್ಲಿದೆ. ರೈಲಿನಲ್ಲಿ ಬಂದವರಿಗೆ ಈ ಕ್ಷೇತ್ರಗಳ ಬಾಗಿಲು ಬ್ಯಾಡಗಿ. ಆದರೆ ಪೇಟೆಯಲ್ಲಿ ಅವರು ತಂಗಲು, ನಡೆದಾಡಲು, ಊರಿನ ಹೆಸರಿನ ಕಾಯಿಯನ್ನು ನಂಬಿಕೆಯಿಂದ ಒಂದು ಕಿಲೋ ಕೊಳ್ಳಲು ತಕ್ಕ ಏರ್ಪಾಡು ಬೆಳೆದಿಲ್ಲ. ಕ್ಷೇತ್ರದ ಪ್ರಾಧಿಕಾರದ ಎಲ್ಲೆ ಕ್ಷೇತ್ರಕ್ಕೆ, ಮಾರುಕಟ್ಟೆ ಸಮಿತಿಯ ಎಲ್ಲೆ ಪ್ರಾಂಗಣಕ್ಕೆ, ಪುರಸಭೆಯ ಬಲ ಅದರ ಬೊಕ್ಕಸಕ್ಕೆ ಮುಗಿಯುತ್ತದೆ. ನಡುವಿನ ಪೇಟೆ ಯಾರ ಹೊಣೆಯೂ ಆಗದೆ ಉಳಿದಿದೆ.

ಮಾರುಕಟ್ಟೆ ಸಮಿತಿ, ಪುರಸಭೆ, ಲೋಕೋಪಯೋಗಿ ಇಲಾಖೆ, ವರ್ತಕರ ಸಂಘ ಮತ್ತು ರೈತ ಸಂಘಟನೆಗಳು ನಡುಪೇಟೆಗಾಗಿ ಒಂದೇ ಯೋಜನೆಯನ್ನು ಒಪ್ಪಿಕೊಳ್ಳಬೇಕು. ಲಾರಿಗಳಿಗೆ ಹೊರವರ್ತುಲ ರಸ್ತೆ, ಜಾಗ ಬಿಟ್ಟುಕೊಡುವವರಿಗೆ ಕೆಲಸಕ್ಕೆ ಮುನ್ನವೇ ಪರಿಹಾರ, ತುಂಬು ಬಿಡಿಸುವ ಹೆಣ್ಣುಮಕ್ಕಳಿಗೆ ನೆರಳು, ನೀರು, ಶೌಚಾಲಯ ಇವು ಆ ಯೋಜನೆಯ ಮೊದಲ ಸಾಲಿನಲ್ಲಿ ಇರಬೇಕು. ಇದಕ್ಕೆ ಮಾರುಕಟ್ಟೆ ಶುಲ್ಕದ ಒಂದು ಭಾಗವನ್ನು ಪ್ರಾಂಗಣದ ಹೊರಗೂ ಖರ್ಚು ಮಾಡುವ ಅವಕಾಶ ಬೇಕಾದರೆ, ಅದನ್ನು ಸರ್ಕಾರದಿಂದ ಕೇಳಿ ಪಡೆಯುವುದು ಈ ಸಮಿತಿಗೆ ಸಲ್ಲುವ ಕೆಲಸ.